ಅರ್ಧ ಡಿಗ್ರಿಯ ಲೆಕ್ಕ: ಎಂಎಸ್ ಇರುವವರಿಗೆ ಬಿಸಿ ಯಾಕೆ ಆಗಿಬರುವುದಿಲ್ಲ

(ಎಂಎಸ್ ಇರುವವರು ಮತ್ತು ಅವರ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಅಳತೆಯಲ್ಲಿ ತುಂಬಾ ಚಿಕ್ಕದು. ಅರ್ಧ ಡಿಗ್ರಿ ಸೆಲ್ಸಿಯಸ್, ಅಷ್ಟೇ. ಮೈಯೊಳಗಿನ ಬಿಸಿ ಅಷ್ಟು ಏರಿದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಮಿದುಳು, ಬೆನ್ನುಹುರಿಯ ನರಗಳಿಗೆ ಪೆಟ್ಟು ಕೊಡುವ ಎಂಎಸ್ ಕಾಯಿಲೆ ಇರುವ ಎಷ್ಟೋ ಜನಕ್ಕೆ ಅಷ್ಟು ಸಾಕು. ಓದುತ್ತಿದ್ದ ಅಕ್ಷರ ಮಸುಕಾಗುತ್ತದೆ. ಚೆನ್ನಾಗಿ ನಡೆಯುತ್ತಿದ್ದವರ ಕಾಲು ಭಾರವಾಗಿ ಎಳೆದುಕೊಂಡು ಬರುತ್ತದೆ. ಮಾತಿನ ಮಧ್ಯೆ ಬೇಕಾದ ಪದ ಸಿಗುವುದಿಲ್ಲ. ಸ್ವಲ್ಪ ಹೊತ್ತು ತಂಪಿನಲ್ಲಿ ಕೂತರೆ ಎಲ್ಲ ಮೊದಲಿನ ಹಾಗೆ.

ಹೀಗೆ ಬೇಗ ಸರಿಹೋಗುವುದೇ ಅರ್ಧ ತೊಂದರೆ ತಂದಿಡುತ್ತದೆ. ಬಂದು ಹೋಗುವ ಕಾಯಿಲೆಯನ್ನು ಜನ ನಂಬುವುದಿಲ್ಲ, ಅಲ್ವಾ? "ಈಗ ತಾನೇ ಚೆನ್ನಾಗಿದ್ದೆಯಲ್ಲ" ಅಂತ ಮನೆಯವರು ಕೇಳುತ್ತಾರೆ. ಆಫೀಸಿನಲ್ಲಿ ನೆಪ ಅನ್ನುತ್ತಾರೆ. ರೋಗಿಗೆ ಇನ್ನೊಂದು ಭಯ: ಹೊಸ ಅಟ್ಯಾಕ್ ಬಂತಾ, ಇನ್ನು ಹೀಗೇ ಉಳಿದುಬಿಡುತ್ತದಾ? ಬಹಳ ಸಲ ಎರಡೂ ತಪ್ಪು. ಇದು ನೆಪವಲ್ಲ, ಹೊಸ ಅಟ್ಯಾಕೂ ಅಲ್ಲ. ಹಿಂದೆ ಎಂದೋ ಆದ ಹಳೆಯ ಗಾಯ, ಬಿಸಿ ಏರಿದಾಗ ಹೊರಗೆ ಕಾಣಿಸಿಕೊಳ್ಳುವುದು. ಇವತ್ತು ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿರುವುದು ಇದೊಂದೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ಇದನ್ನು ಬರೆದಿಟ್ಟವರು ನರರೋಗದ ಡಾಕ್ಟರ್ ಅಲ್ಲ, ಕಣ್ಣಿನ ಡಾಕ್ಟರ್. ಜರ್ಮನಿಯ ವಿಲ್ಹೆಲ್ಮ್ ಉಥಾಫ್. 1890ರಲ್ಲಿ ಅವರು ಎಂಎಸ್ ರೋಗಿಗಳ ಕಣ್ಣಿನ ತೊಂದರೆಗಳ ಬಗ್ಗೆ ದೊಡ್ಡ ವರದಿ ಬರೆದರು. ಅದರಲ್ಲಿ ಕೆಲವರಿಗೆ ನಡೆದು, ದುಡಿದು ದಣಿದ ಮೇಲೆ ದೃಷ್ಟಿ ಮಂದವಾಗುತ್ತಿತ್ತು. ಸುಧಾರಿಸಿಕೊಂಡರೆ ವಾಪಸ್ ಬರುತ್ತಿತ್ತು. ದಣಿವೇ ಇದಕ್ಕೆ ಕಾರಣ ಅಂತ ಉಥಾಫ್ ಅಂದುಕೊಂಡರು. ದಣಿವಿನ ಜೊತೆ ಮೈ ಬಿಸಿಯೂ ಏರುತ್ತದೆ, ಅಸಲಿ ಕಾರಣ ಆ ಬಿಸಿ ಅನ್ನುವುದು ಸ್ಪಷ್ಟವಾಗಲು ಇನ್ನೂ ಹಲವು ದಶಕ ಬೇಕಾಯಿತು. ಆದರೂ ಅವರ ಹೆಸರು ಉಳಿದುಕೊಂಡಿತು. ಡಾಕ್ಟರುಗಳು ಈಗಲೂ ಇದನ್ನು ಉಥಾಫ್ ಫಿನಾಮೆನನ್ ಅನ್ನುತ್ತಾರೆ. ಎಂಎಸ್ ಇರುವವರಲ್ಲಿ ಸುಮಾರು 60ರಿಂದ 80 ಶೇಕಡಾ ಜನಕ್ಕೆ ಒಂದಲ್ಲ ಒಂದು ರೀತಿಯಲ್ಲಿ ಬಿಸಿ ಆಗಿಬರುವುದಿಲ್ಲ.

ಈಗ ನರದ ಒಳಗೆ ಏನಾಗುತ್ತದೆ ನೋಡೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ. ಇದು ಅರ್ಥವಾದರೆ ಮುಂದಿನದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ನರದ ಎಳೆಯ ಮೇಲೆ ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುತ್ತದೆ. ಅದು ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಅಲ್ಲಲ್ಲಿ ಸಣ್ಣ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಸೋಡಿಯಂ ಚಾನೆಲ್‌ಗಳು ಒತ್ತೊತ್ತಾಗಿ ಕೂತಿರುತ್ತವೆ. ಇವು ಸೋಡಿಯಂ ಒಳಗೆ ಬರಲು ಇರುವ ಪುಟ್ಟ ಬಾಗಿಲುಗಳು. ಬಾಗಿಲು ತೆರೆದರೆ ಸೋಡಿಯಂ ಒಳಗೆ ನುಗ್ಗುತ್ತದೆ, ವಿದ್ಯುತ್ತಿನ ಒಂದು ಮಿಡಿತ ಹುಟ್ಟುತ್ತದೆ. ಆ ಮಿಡಿತ ಮುಂದಿನ ಬಿಡುವನ್ನು ಎಬ್ಬಿಸುತ್ತದೆ, ಅದು ಅದರ ಮುಂದಿನದನ್ನು. ಸಿಗ್ನಲ್ ಹೀಗೆ ಹಾರಿ ಹಾರಿ ಹೋಗುತ್ತದೆ. ಕಲ್ಲಿನಿಂದ ಕಲ್ಲಿಗೆ ಹಾರಿ ಹಳ್ಳ ದಾಟುವವರನ್ನು ನೆನಪು ಮಾಡಿಕೊಳ್ಳಿ. ಆರೋಗ್ಯವಾಗಿರುವ ನರದಲ್ಲಿ ಕಲ್ಲುಗಳು ಹತ್ತಿರ ಹತ್ತಿರ ಇವೆ, ಹಾರುವವರಿಗೆ ಕಸುವೂ ಬೇಕಾದಷ್ಟಿದೆ. ಮುಂದಿನ ಬಿಡುವನ್ನು ಎಬ್ಬಿಸಲು ಎಷ್ಟು ಕರೆಂಟ್ ಬೇಕೋ ಅದರ 3ರಿಂದ 7 ಪಟ್ಟು ಸಿಗುತ್ತಿರುತ್ತದೆ. ಅಷ್ಟು ಮಿಗುತಾಯ.

ಎಂಎಸ್‌ನಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಈ ಮಯಲಿನ್ ಮೇಲೆ ದಾಳಿ ಮಾಡುತ್ತದೆ. ಹೊದಿಕೆ ಕಿತ್ತುಹೋದ ಕಡೆ ಕರೆಂಟ್ ಸೋರಿಹೋಗುತ್ತದೆ. ಮಧ್ಯದ ಒಂದೆರಡು ಕಲ್ಲು ಕೊಚ್ಚಿಹೋದ ಹಾಗೆ. ದಾಳಿ ನಿಂತ ಮೇಲೆ ಸ್ವಲ್ಪ ರಿಪೇರಿ ಆಗುತ್ತದೆ, ಸಿಗ್ನಲ್ ಮತ್ತೆ ದಾಟಲು ಶುರುಮಾಡುತ್ತದೆ. ರೋಗಿಗೆ ಕಣ್ಣು ವಾಪಸ್ ಬಂತು, ಕಾಲು ಸರಿಹೋಯಿತು ಅನ್ನಿಸುತ್ತದೆ. ಆದರೆ ಮಿಗುತಾಯ ಹೋಗಿಬಿಟ್ಟಿದೆ. ಎಷ್ಟು ಬೇಕೋ ಸರಿಯಾಗಿ ಅಷ್ಟೇ ಇದೆ. ಹಾರಿದವರ ಹೆಬ್ಬೆರಳು ಕಲ್ಲಿನ ಅಂಚಿಗೆ ತಾಗುತ್ತಿದೆ, ಅಷ್ಟೇ.

ಬಿಸಿ ಏನು ಮಾಡುತ್ತದೆ? ಬಿಸಿಯಾದಾಗ ಆ ಸೋಡಿಯಂ ಬಾಗಿಲುಗಳು ಬೇಗ ತೆರೆಯುತ್ತವೆ. ಅದಕ್ಕಿಂತ ಬೇಗ ಮುಚ್ಚಿಕೊಳ್ಳುತ್ತವೆ. ಮಿಡಿತ ಗಿಡ್ಡವಾಗುತ್ತದೆ. ಒಳಗೆ ಬರುವ ಒಟ್ಟು ಕರೆಂಟ್ ಕಡಿಮೆಯಾಗುತ್ತದೆ. ಆರೋಗ್ಯದ ನರಕ್ಕೆ ಇದು ಲೆಕ್ಕಕ್ಕೇ ಇಲ್ಲ. ನಿಜ ಹೇಳಬೇಕೆಂದರೆ ಬಿಸಿಯಲ್ಲಿ ಅಲ್ಲಿ ಸಿಗ್ನಲ್ ಇನ್ನೂ ವೇಗವಾಗಿ ಓಡುತ್ತದೆ. ಮಯಲಿನ್ ಕಳೆದುಕೊಂಡ ನರದಲ್ಲಿ ಮಾತ್ರ ಅಷ್ಟು ಕೊರತೆಯೇ ಸಾಕು, ಸಿಗ್ನಲ್ ಅಲ್ಲೇ ನಿಂತುಬಿಡುತ್ತದೆ. ಪ್ರಯೋಗಾಲಯದಲ್ಲಿ ಒಂದೊಂದೇ ನರದ ಎಳೆಯನ್ನು ಇಟ್ಟುಕೊಂಡು 1970ರ ದಶಕದಲ್ಲೇ ಇದನ್ನು ತೋರಿಸಿದ್ದಾರೆ. ಅರ್ಧ ಡಿಗ್ರಿ ಏರಿಸಿದರೆ ಸಿಗ್ನಲ್ ನಿಲ್ಲುತ್ತದೆ, ಇಳಿಸಿದರೆ ಮತ್ತೆ ಹೋಗುತ್ತದೆ.

ಇಳಿಸಿದರೆ ಮತ್ತೆ ಹೋಗುತ್ತದೆ. ಈ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಬಾಗಿಲು ಬೇಗ ಮುಚ್ಚಿತು ಅಂದ ಮಾತ್ರಕ್ಕೆ ನರ ಸತ್ತಿಲ್ಲ. ಹೊಸದಾಗಿ ಮಯಲಿನ್ ಹೋಗಿಲ್ಲ. ಉರಿಯೂತ ಶುರುವಾಗಿಲ್ಲ.

ಇದನ್ನು ಮನುಷ್ಯರಲ್ಲೂ ಅಳೆದು ನೋಡಿದ್ದಾರೆ. ಎಂಎಸ್‌ನಲ್ಲಿ ಕೆಲವರಿಗೆ ಎರಡು ಕಣ್ಣು ಪಕ್ಕಕ್ಕೆ ತಿರುಗುವಾಗ ಒಂದು ಕಣ್ಣು ಹಿಂದೆ ಬೀಳುತ್ತದೆ. ಮಿದುಳಿನ ಕಾಂಡದಲ್ಲಿರುವ ಒಂದು ಸಣ್ಣ ನರದ ಹಾದಿಗೆ ಪೆಟ್ಟಾದರೆ ಹೀಗಾಗುತ್ತದೆ. ಅಮೆರಿಕದ ಸಂಶೋಧಕರು ಇಂಥವರಿಗೆ ನೀರಿನ ಕೊಳವೆಗಳನ್ನು ಹೊಲಿದ ಉಡುಪು ತೊಡಿಸಿ, ಅದರಲ್ಲಿ ಬಿಸಿನೀರು ಹರಿಸಿದರು. ಕಣ್ಣಿನ ಚಲನೆಯನ್ನು ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಅಳೆದರು. ಮೈ ಬಿಸಿಯಾದ ಹಾಗೆ ಹಿಂದೆ ಬೀಳುವ ಕಣ್ಣು ಇನ್ನಷ್ಟು ಹಿಂದೆ ಬಿತ್ತು. ತಣ್ಣೀರು ಹರಿಸಿದಾಗ ವಾಪಸ್ ಬಂತು. 2008ರಲ್ಲಿ ಪ್ರಕಟವಾದ ಕೆಲಸ ಇದು. ನನಗೆ ಇದು ಇಷ್ಟವಾಗಲು ಕಾರಣ ಇದೆ. ಸುಸ್ತು, ಭಾರ ಅಂತ ರೋಗಿ ಹೇಳಿದರೆ ನಂಬದವರು ಇದ್ದಾರೆ. ಕಣ್ಣುಗುಡ್ಡೆಯ ವೇಗದ ಬಗ್ಗೆ ಯಾರೂ ನಾಟಕ ಆಡೋಕೆ ಆಗುವುದಿಲ್ಲ.

ಹಿಂದೆ ಒಂದು ಕಾಲ ಇತ್ತು. ಎಂಎಸ್ ಇದೆಯಾ ಇಲ್ಲವಾ ಅಂತ ಪತ್ತೆ ಮಾಡಲು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸುತ್ತಿದ್ದರು. ತೊಂದರೆ ಜಾಸ್ತಿ ಆದರೆ ಎಂಎಸ್ ಇರಬಹುದು ಅಂತ ಲೆಕ್ಕ. 1950ರ ದಶಕದಿಂದ 1980ರ ದಶಕದವರೆಗೂ ಈ ಪರೀಕ್ಷೆ ಇತ್ತು. ಎಂಆರ್‌ಐ ಬಂದ ಮೇಲೆ ಬಿಟ್ಟರು. ಒಳ್ಳೆಯದೇ ಆಯಿತು. ಕೆಲವರಿಗೆ ಆ ಪರೀಕ್ಷೆಯ ನಂತರ ತೊಂದರೆ ಬೇಗ ಇಳಿಯಲಿಲ್ಲ ಅನ್ನುವ ವರದಿಗಳಿವೆ. ಅಪರೂಪ, ಆದರೆ ಇವೆ.

ಸರಿ, ಬಿಸಿ ಎಲ್ಲಿಂದ ಬರುತ್ತದೆ? ಬಿಸಿಲು, ಬಿಸಿನೀರಿನ ಸ್ನಾನ, ಗಾಳಿಯಾಡದ ಕೋಣೆ, ಸೌನಾ. ಇವು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವು ಒಳಗಿನಿಂದ ಬರುವ ಬಿಸಿಗಳು. ನಮ್ಮ ಮೈ ಬಿಸಿ ಇಡೀ ದಿನ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಸುಕಿನಲ್ಲಿ ಅತಿ ಕಡಿಮೆ, ಸಂಜೆಯ ಹೊತ್ತಿಗೆ ಅತಿ ಜಾಸ್ತಿ. ಈ ಎರಡರ ನಡುವೆ ಅರ್ಧ ಡಿಗ್ರಿಯಿಂದ ಒಂದು ಡಿಗ್ರಿ ವ್ಯತ್ಯಾಸ ಇರುತ್ತದೆ. ಅರ್ಧ ಡಿಗ್ರಿ ಸಾಕು ಅಂದೆನಲ್ಲ! ಹಾಗಾಗಿ ಏನೂ ಮಾಡದೆ ಸುಮ್ನೆ ಕೂತಿದ್ದರೂ ಮಧ್ಯಾಹ್ನದ ಮೇಲೆ ಕೆಲವರಿಗೆ ಕಾಲು ಸೋಲುತ್ತದೆ. ಹೆಂಗಸರಲ್ಲಿ ಅಂಡ ಬಿಡುಗಡೆಯಾದ ನಂತರ ಮುಟ್ಟಾಗುವವರೆಗೂ ಮೈ ಬಿಸಿ ಸ್ವಲ್ಪ ಮೇಲಿರುತ್ತದೆ. ತಿಂಗಳಲ್ಲಿ ಕೆಲವು ದಿನ ಮಾತ್ರ ತೊಂದರೆ ಏರುತ್ತದೆ ಅನ್ನುವವರು ಈ ಲೆಕ್ಕವನ್ನು ಒಮ್ಮೆ ಗಮನಿಸಬಹುದು.

ಇನ್ನೊಂದು ವಿಷಯ. ಬಿಸಿಯನ್ನು ಹೊರಗೆ ಹಾಕುವ ಕೆಲಸವೂ ಎಂಎಸ್‌ನಲ್ಲಿ ಕುಂಟಬಹುದು. ಬೆವರನ್ನು ನಿಯಂತ್ರಿಸುವುದು ಕೂಡ ನರಗಳೇ ತಾನೇ. ಆ ಹಾದಿಯಲ್ಲಿ ಗಾಯ ಇದ್ದರೆ ಬೆವರು ಕಡಿಮೆ ಬರುತ್ತದೆ. ಅಂಥವರಿಗೆ ಬಿಸಿ ಬೇಗ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಕಾರಣಕ್ಕೆ ಬರುತ್ತೇನೆ. ಅದು ಮೂತ್ರದ ಸೋಂಕು. ಎಂಎಸ್‌ನಲ್ಲಿ ಮೂತ್ರಕೋಶ ಪೂರ್ತಿ ಖಾಲಿಯಾಗದೇ ಇರುವುದು ಮಾಮೂಲಿ. ಉಳಿದ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ಕೆಳಗಿನ ಸ್ಪರ್ಶವೇ ಮಂದವಾಗಿರುವವರಿಗೆ ಉರಿ ಗೊತ್ತಾಗುವುದಿಲ್ಲ. ಸಣ್ಣಗೆ ಜ್ವರ, ಅದೂ ಗಮನಕ್ಕೆ ಬರುವುದಿಲ್ಲ. ಗಮನಕ್ಕೆ ಬರುವುದು ಒಂದೇ: ನಿನ್ನೆ ಎದ್ದು ನಿಲ್ಲುತ್ತಿದ್ದವರು ಇವತ್ತು ನಿಲ್ಲಲಾರರು. ಮನೆಯವರು ರಿಲ್ಯಾಪ್ಸ್, ಅಂದರೆ ಎಂಎಸ್‌ನ ಹೊಸ ಅಟ್ಯಾಕ್ ಅಂದುಕೊಂಡು ಓಡಿಬರುತ್ತಾರೆ. ಅವಸರದಲ್ಲಿ, ರಿಲ್ಯಾಪ್ಸ್ ಆದಾಗ ಕೊಡುವ ಸ್ಟೀರಾಯ್ಡ್ ಕೊಟ್ಟರೆ ನರಕ್ಕೆ ಏನೂ ಲಾಭವಿಲ್ಲ, ಸೋಂಕಿಗೆ ಮಾತ್ರ ಅನುಕೂಲ. ಹಾಗಾಗಿ ರಿಲ್ಯಾಪ್ಸ್ ಅಂತ ನಿರ್ಧರಿಸುವ ಮೊದಲು ಥರ್ಮಾಮೀಟರ್ ಇಡಬೇಕು, ಮೂತ್ರ ಪರೀಕ್ಷೆ ಮಾಡಬೇಕು.

ಇದರಲ್ಲಿ ಇನ್ನೊಂದು ಸುಳಿ ಇದೆ. ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ ಅಂತ ಜನ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನೀರು ಕಡಿಮೆಯಾದರೆ ಸೋಂಕು ಸುಲಭ. ಬೆವರಲು ನೀರೂ ಇಲ್ಲ. ಮೂತ್ರದ ಅವಸರ ತಡೆಯಲು ಕೊಡುವ ಕೆಲವು ಮಾತ್ರೆಗಳು, ಉದಾಹರಣೆಗೆ ಆಕ್ಸಿಬ್ಯುಟಿನಿನ್, ಬೆವರನ್ನೂ ಕಡಿಮೆ ಮಾಡುತ್ತವೆ. ಹೀಗೆ ಒಂದು ತೊಂದರೆಗೆ ಮಾಡಿದ ಉಪಾಯ ಇನ್ನೊಂದು ಕಡೆ ಬಿಸಿ ಏರಿಸುತ್ತದೆ. ಮಾತ್ರೆ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಬಿಸಿ ತಡೆಯುವುದಿಲ್ಲ ಅಂತ ಡಾಕ್ಟರಿಗೆ ಹೇಳುವಾಗ ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ತೋರಿಸಿ ಅಂತ ಹೇಳುತ್ತಿದ್ದೇನೆ.

ಹಾಗಾದರೆ ರಿಲ್ಯಾಪ್ಸ್ ಯಾವುದು, ಬಿಸಿಯ ಆಟ ಯಾವುದು? ಡಾಕ್ಟರುಗಳು ಒಪ್ಪಿಕೊಂಡಿರುವ ಅಳತೆ ಹೀಗಿದೆ: ತೊಂದರೆ ಕನಿಷ್ಠ 24 ಗಂಟೆ ಇರಬೇಕು, ಜ್ವರ ಅಥವಾ ಸೋಂಕು ಇರಬಾರದು. ಆಗ ಅದನ್ನು ರಿಲ್ಯಾಪ್ಸ್ ಅನ್ನಬಹುದು. ಬಿಸಿಯಿಂದ ಬಂದದ್ದು ಸಾಮಾನ್ಯವಾಗಿ ಹಳೆಯ ಜಾಗದಲ್ಲೇ, ಹಳೆಯ ರೂಪದಲ್ಲೇ ಬರುತ್ತದೆ. ಮೊದಲು ಎಡಗಣ್ಣಿಗೆ ಪೆಟ್ಟಾಗಿದ್ದರೆ ಎಡಗಣ್ಣೇ ಮಸುಕಾಗುತ್ತದೆ. ತಂಪಾದರೆ ಹೋಗುತ್ತದೆ, ಹೆಚ್ಚಾಗಿ ಒಂದೆರಡು ಗಂಟೆಯೊಳಗೆ. ಆದರೆ ಇದರಲ್ಲಿ ಸ್ವಲ್ಪ ಜಾಗ್ರತೆ ಬೇಕು. ಕೆಲವು ಗಾಯಗಳು ಮೊದಲು ಯಾವ ತೊಂದರೆಯನ್ನೂ ಕೊಡದೇ ಸುಮ್ಮನಿರುತ್ತವೆ. ಬಿಸಿ ಬಂದಾಗ ಮೊದಲ ಸಲ ತಲೆ ಎತ್ತುತ್ತವೆ. ಕೆಲವರಿಗೆ ಎಂಎಸ್ ಇದೆ ಅಂತ ಗೊತ್ತಾಗುವ ಮೊದಲೇ, ವ್ಯಾಯಾಮ ಮಾಡುವಾಗ ಕಣ್ಣು ಮಂಜಾಗಿರುತ್ತದೆ. ಆದ್ದರಿಂದ ಹೊಸ ಜಾಗದಲ್ಲಿ ಬಂದದ್ದು, ತಂಪಾದರೂ ಹೋಗದೇ ಇರುವುದು, ಒಂದು ದಿನ ದಾಟಿದ್ದು, ಇವನ್ನು "ಬಿಸಿಲಿಗೆ ಹೀಗಾಯಿತು" ಅಂತ ತಳ್ಳಿಹಾಕಬೇಡಿ. ಎಲ್ಲವನ್ನೂ ರಿಲ್ಯಾಪ್ಸ್ ಅನ್ನುವುದು ಎಷ್ಟು ತಪ್ಪೋ, ಎಲ್ಲವನ್ನೂ ಬಿಸಿ ಅನ್ನುವುದೂ ಅಷ್ಟೇ ತಪ್ಪು.

ಹಾನಿ ಆಗುವುದಿಲ್ಲ ಅಂದೆ. ಅಪಾಯವೇ ಇಲ್ಲ ಅಂತ ಅಲ್ಲ. ಬಿಸಿನೀರಿನ ಟಬ್‌ನಲ್ಲಿ ಕೂತವರಿಗೆ ಕೈಕಾಲು ಸೋತು ಎದ್ದು ಬರಲಾಗದೆ ಜೀವಕ್ಕೇ ಕುತ್ತು ಬಂದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಗಾಡಿ ಓಡಿಸುವಾಗ ಕಣ್ಣು ಮಂಜಾದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ನರಕ್ಕೆ ಪೆಟ್ಟಿಲ್ಲದಿದ್ದರೂ ಬಿದ್ದರೆ ಮೂಳೆಗೆ ಪೆಟ್ಟಾಗುತ್ತದೆ. ಸ್ನಾನಕ್ಕೆ ಹೋಗುವಾಗ ಒಳಗಿನಿಂದ ಚಿಲಕ ಹಾಕಬೇಡಿ. ನೀರು ಉಗುರುಬೆಚ್ಚಗೆ ಇರಲಿ. ಕೂರಲು ಒಂದು ಸ್ಟೂಲ್ ಇರಲಿ.

ತಂಪು ಮಾಡುವ ಉಪಾಯಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಇದರಲ್ಲಿ ಗುಟ್ಟೇನೂ ಇಲ್ಲ. ಗಗನಯಾನಿಗಳ ಉಡುಪಿನೊಳಗೆ ಮೈ ತಂಪಾಗಿಡಲು ಮಾಡಿದ ವ್ಯವಸ್ಥೆಯಿಂದ ಎಂಎಸ್ ರೋಗಿಗಳ ಕೂಲಿಂಗ್ ವೆಸ್ಟ್ ಬಂತು. ನಾಸಾ ಕೂಡ ಸೇರಿ ನಡೆಸಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ತಂಪು ಮಾಡಿದಾಗ ನಡಿಗೆ, ದೃಷ್ಟಿ ಎರಡೂ ಸ್ವಲ್ಪ ಸುಧಾರಿಸಿದ್ದು ಕಂಡಿತು. ದಿನಾ ತಂಪು ಮಾಡಿಕೊಂಡವರು ಸುಸ್ತು ಕಡಿಮೆ ಅಂದರು. ಲಾಭ ದೊಡ್ಡದೇನಲ್ಲ, ಆದರೆ ಇದೆ. ದುಬಾರಿ ವೆಸ್ಟ್ ಇಲ್ಲದಿದ್ದರೂ ನಡೆಯುತ್ತದೆ. ಕುತ್ತಿಗೆಗೆ ಒದ್ದೆ ಬಟ್ಟೆ, ಮೇಲೆ ಫ್ಯಾನ್ ಗಾಳಿ. ಗಾಳಿಯಲ್ಲಿ ತೇವ ಜಾಸ್ತಿ ಇರುವಾಗ ಒದ್ದೆ ಬಟ್ಟೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ನೀರು ಆರಿದರೆ ತಾನೇ ತಂಪು. ಆಗ ಐಸ್ ಪ್ಯಾಕ್ ಅಥವಾ ಎಸಿ ಬೇಕಾಗುತ್ತದೆ. ತಣ್ಣೀರು ಗುಟುಕು ಗುಟುಕಾಗಿ ಕುಡಿಯುವುದು ಎಲ್ಲಕ್ಕಿಂತ ಸುಲಭ. ಬಿಸಿ ಆದ ಮೇಲೆ ಪರದಾಡುವುದಕ್ಕಿಂತ, ಹೊರಗೆ ಹೋಗುವ ಮೊದಲೇ, ವ್ಯಾಯಾಮಕ್ಕೆ ಮೊದಲೇ ಮೈ ತಂಪು ಮಾಡಿಕೊಂಡರೆ ಜಾಸ್ತಿ ಹೊತ್ತು ತಡೆಯುತ್ತದೆ.

ವ್ಯಾಯಾಮದ ಮಾತು ಬಂತು. ಬಹಳ ವರ್ಷ ಡಾಕ್ಟರುಗಳೇ ಎಂಎಸ್ ಇರುವವರಿಗೆ ವ್ಯಾಯಾಮ ಬೇಡ ಅನ್ನುತ್ತಿದ್ದರು. ಮೈ ಬಿಸಿಯಾಗುತ್ತದೆ, ರೋಗ ಕೆರಳುತ್ತದೆ ಅನ್ನುವ ಭಯ. 1996ರಲ್ಲಿ ಅಮೆರಿಕದಲ್ಲಿ 15 ವಾರ ಏರೋಬಿಕ್ ವ್ಯಾಯಾಮ ಮಾಡಿಸಿದ ಅಧ್ಯಯನವೊಂದು ಬಂತು. ವ್ಯಾಯಾಮ ಮಾಡಿದವರ ದಮ್ಮು, ಕಸುವು ಎರಡೂ ಹೆಚ್ಚಿದವು. ಅಲ್ಲಿಂದ ಸಲಹೆ ತಿರುಗಿತು. ನನ್ನ ಪ್ರಕಾರ ಬಿಸಿಯ ಬಗೆಗಿನ ತಪ್ಪು ತಿಳಿವಳಿಕೆ ಮಾಡಿದ ಅತಿ ದೊಡ್ಡ ಹಾನಿ ಇದೇ. ಬಿಸಿ ಯಾರ ನರವನ್ನೂ ತಿಂದಿರಲಿಲ್ಲ. ಬಿಸಿಯ ಭಯ ಎಷ್ಟೋ ಜನರ ಸ್ನಾಯುಗಳನ್ನು ತಿಂದುಹಾಕಿತು. ಬೆಳಗಿನ ತಂಪು ಹೊತ್ತಿನಲ್ಲಿ, ಫ್ಯಾನ್ ಕೆಳಗೆ, ಮಧ್ಯೆ ಮಧ್ಯೆ ನಿಲ್ಲಿಸಿ ಮಾಡಿ. ತಣ್ಣಗಿನ ನೀರಿನ ಕೊಳ ಇದ್ದರೆ ಇನ್ನೂ ಒಳ್ಳೆಯದು. ವ್ಯಾಯಾಮದ ಮಧ್ಯೆ ಕಣ್ಣು ಮಂಜಾದರೆ ಕೂತುಕೊಳ್ಳಿ, ತಂಪಾಗಿ, ಮರುದಿನ ಸ್ವಲ್ಪ ಕಡಿಮೆ ಮಾಡಿ. ಬಿಡಬೇಡಿ.

ಇನ್ನು ಪ್ರಶ್ನೆಗಳು.

"ಇದಕ್ಕೆ ಮಾತ್ರೆ ಇಲ್ವಾ ಡಾಕ್ಟ್ರೇ?" ಅಂತ ಒಬ್ಬರು ಕೇಳಿದರು. ಬಿಸಿಗೆ ಅಂತಲೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಆದರೆ ಫ್ಯಾಂಪ್ರಿಡಿನ್ ಅನ್ನುವ ಮಾತ್ರೆ ಇದೆ. ನಡಿಗೆ ಸುಧಾರಿಸಲು ಅಂತ 2010ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅದು ಪೊಟ್ಯಾಸಿಯಂ ಚಾನೆಲ್‌ಗಳನ್ನು ತಡೆದು ಮಿಡಿತವನ್ನು ಉದ್ದ ಮಾಡುತ್ತದೆ. ಬಿಸಿ ಮಿಡಿತವನ್ನು ಗಿಡ್ಡ ಮಾಡುತ್ತದೆ ಅಂದೆನಲ್ಲ, ಅದಕ್ಕೆ ಸರಿಯಾಗಿ ಉಲ್ಟಾ. ಎಲ್ಲರಿಗೂ ಉಪಯೋಗವಾಗುವುದಿಲ್ಲ. ಡೋಸ್ ಜಾಸ್ತಿಯಾದರೆ ಫಿಟ್ಸ್ ಬರಬಹುದು. ಮೊದಲೇ ಫಿಟ್ಸ್ ಇದ್ದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಆಗುವುದಿಲ್ಲ. ನೀವಾಗಿಯೇ ತರಿಸಿಕೊಂಡು ನುಂಗುವ ಮಾತ್ರೆ ಖಂಡಿತ ಅಲ್ಲ.

"ನನ್ನ ತಂಗಿಗೆ ತಂಪೂ ಆಗಲ್ಲ, ಚಳಿಗೆ ಕಾಲು ಕಟ್ಟಿಗೆ ಆಗುತ್ತೆ. ಏನು ಮಾಡೋದು?" ಇದು ನಿಜ. ಸ್ನಾಯು ಬಿಗಿತ ಇರುವವರಿಗೆ ಚಳಿ ಆ ಬಿಗಿತವನ್ನು ಏರಿಸುತ್ತದೆ. ಕೆಲವರಿಗೆ ಬಿಸಿ, ಚಳಿ ಎರಡೂ ತೊಂದರೆ. ಅವರಿಗೆ ತಣ್ಣೀರು ಸುರಿಯುವುದು, ಐಸ್ ಮೇಲೆ ಕೂರಿಸುವುದು ಬೇಡ. ಕಾಲು ಬೆಚ್ಚಗೆ ಮುಚ್ಚಿ, ಕುತ್ತಿಗೆ, ಬೆನ್ನು ಮಾತ್ರ ತಂಪು ಮಾಡಿ. ಸ್ಪರ್ಶ ಮಂದವಾಗಿರುವ ಜಾಗಕ್ಕೆ ನೇರವಾಗಿ ಐಸ್ ಇಡಬೇಡಿ, ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. "ನನ್ನ ಹೆಂಡತಿಗೆ ಜ್ವರ ಬಂದರೆ ಕೈಕಾಲೇ ಬಿದ್ದುಹೋಗುತ್ತೆ. ಜ್ವರ ಇಳಿಸಬೇಕಾ, ಇಲ್ಲ ನೇರ ಆಸ್ಪತ್ರೆಗೆ ಓಡಬೇಕಾ?" ಎರಡೂ ಮಾಡಬೇಕು. ಸಾಮಾನ್ಯವಾಗಿ ಅವರಿಗೆ ಒಗ್ಗುವ ಜ್ವರದ ಮಾತ್ರೆ ಕೊಟ್ಟು ಜ್ವರ ಇಳಿಸಿ, ನೀರು ಕುಡಿಸಿ, ಫ್ಯಾನ್ ಹಾಕಿ. ಜ್ವರ ಇಳಿದ ಹಾಗೆ ಕೈಕಾಲು ವಾಪಸ್ ಬರುತ್ತಾ ಬಂದರೆ ಕಾರಣ ತಿಳಿಯಿತು. ಆದರೆ ಜ್ವರ ಯಾಕೆ ಬಂತು ಅಂತ ಅದೇ ದಿನ ತೋರಿಸಿ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಎಂಎಸ್ ಔಷಧಿ ನಡೆಯುತ್ತಿದ್ದರೆ ಕಾಯುವುದೇ ಬೇಡ. ಉಸಿರಾಟಕ್ಕೆ ಕಷ್ಟ, ನುಂಗಲು ಕಷ್ಟ, ಮಂಪರು ಇವುಗಳಲ್ಲಿ ಒಂದಿದ್ದರೂ ಜ್ವರ ಇಳಿಯುವ ತನಕ ಕೂರಬೇಡಿ, ಆ ಕ್ಷಣವೇ ಹೊರಡಿ. ಹೋಗುವಾಗ ಅವರ ಔಷಧಿ ಚೀಟಿ ಜೊತೆಗಿರಲಿ. ಕೈಕಾಲು ಬಿದ್ದದ್ದು ಜ್ವರಕ್ಕೆ ಮೊದಲೋ ಆಮೇಲೋ ಅನ್ನುವುದನ್ನು ಡಾಕ್ಟರಿಗೆ ಮೊದಲು ಹೇಳಿ.